ಹಾಳೆ ಅಗ್ಗ, ಉಂಗುರ ದುಬಾರಿ: ಯಾಕೆ?

ಪ್ರಶ್ನೆ: ನಾನು ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಲ್ಯಾಬಿನಲ್ಲಿ ಪೋಲಾರಿಮೀಟರ್ ಇಟ್ಟುಕೊಂಡು ಸಕ್ಕರೆ ದ್ರಾವಣದ ಪ್ರಯೋಗ ಮಾಡಿದೆವು. ನಮ್ಮ ತೋಟದ ಎಳನೀರು, ನೀರಾಗಳ ಸಕ್ಕರೆಯನ್ನೂ ಹೀಗೇ ಅಳೆಯಬಹುದಲ್ಲ ಅನ್ನಿಸಿ ವಿಚಾರಿಸಿದೆ. ಪೋಲರಾಯ್ಡ್ ಹಾಳೆ ಅಗ್ಗವಾಗಿ ಸಿಗುತ್ತದೆ. ಅದನ್ನು ಕೂರಿಸಿ ತಿರುಗಿಸುವ ಉಂಗುರಕ್ಕೆ, ಅಂದರೆ ರೊಟೇಷನ್ ಮೌಂಟ್‌ಗೆ, ಹಾಳೆಯ ಎಷ್ಟೋ ಪಟ್ಟು ಬೆಲೆ. ಬರೀ ಹಿಡಿದುಕೊಳ್ಳುವ ಸಾಮಾನಿಗೆ ಅಷ್ಟೊಂದು ಯಾಕೆ ಕೊಡಬೇಕು? ಅದನ್ನು ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಆದರೆ ಮೊದಲು ಒಂದು ಮಾತು: ಹಿಡಿದುಕೊಳ್ಳುವುದು ಆ ಉಂಗುರದ ಕೆಲಸಗಳಲ್ಲಿ ತೀರ ಚಿಕ್ಕದು. ಅದರ ನಿಜವಾದ ಕೆಲಸ ಕೋನ ಹೇಳುವುದು. ನಿಮ್ಮ ಪ್ರಯೋಗವನ್ನೇ ನೋಡಿ. ಸೋಡಿಯಂ ದೀಪ, ಲೆನ್ಸು, ಟ್ಯೂಬು, ದ್ರಾವಣ ಎಲ್ಲ ಸೇರಿ ಕೊನೆಗೆ ರೆಕಾರ್ಡ್ ಪುಸ್ತಕಕ್ಕೆ ಹೋದದ್ದು ಅನಲೈಸರ್ ಎಷ್ಟು ಡಿಗ್ರಿ ತಿರುಗಿತು ಎಂಬ ಅಂಕಿ. ಆ ಅಂಕಿಯನ್ನು ಕೊಟ್ಟದ್ದು ಪೋಲರಾಯ್ಡ್ ಅಲ್ಲ, ಅದನ್ನು ಹೊತ್ತ ಉಂಗುರದ ಸ್ಕೇಲು. ಹಾಳೆ ಬೆಳಕನ್ನು ಸೋಸುತ್ತದೆ, ಅಳತೆ ಮಾಡುವುದು ಉಂಗುರ. ನೀವು ಬೆಲೆ ಕೊಡುವುದು ಆ ಅಳತೆಗೆ.

ಎಷ್ಟು ನಿಖರವಾದ ಉಂಗುರ ಬೇಕು ಎಂಬುದಕ್ಕೂ ಲೆಕ್ಕವಿದೆ. ಧ್ರುವೀಕರಣಗೊಂಡ ಬೆಳಕಿಗೆ ಎದುರಾಗಿ ಪೋಲರಾಯ್ಡನ್ನು ತಿರುಗಿಸಿದರೆ, ದಾಟಿಬರುವ ಬೆಳಕು ನಡುವಿನ ಕೋನದ ಕೊಸೈನ್ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಫ್ರಾನ್ಸಿನ ಮಾಲುಸ್ 1809ರಲ್ಲಿ ಹೇಳಿದ ನಿಯಮ ಇದು. 60 ಡಿಗ್ರಿಗೆ ಕಾಲುಪಾಲು ಉಳಿಯುತ್ತದೆ, 90ಕ್ಕೆ ಕತ್ತಲು. ಆದರೆ ಪೂರ್ತಿ ಕತ್ತಲು ಯಾವ ಪೋಲರೈಸರಿನಲ್ಲೂ ಬರುವುದಿಲ್ಲ, ಚೂರು ಸೋರುತ್ತದೆ. ಸಾಧಾರಣ ಹಾಳೆ ಸಾವಿರಕ್ಕೆ ಒಂದು ಪಾಲು ಸೋರಿಸುತ್ತದೆ ಎಂದಿಟ್ಟುಕೊಳ್ಳಿ. ಕತ್ತಲ ಸ್ಥಾನದಿಂದ 1.8 ಡಿಗ್ರಿ ಆಚೆ ಸರಿದರೂ ಅಷ್ಟೇ ಬೆಳಕು ಬರುತ್ತದೆ. ಹಾಗಾಗಿ ಅಂಥ ಹಾಳೆಯಿಂದ ಬರೀ ಕತ್ತಲು ಮಾಡಿಕೊಳ್ಳುವುದಷ್ಟೇ ಕೆಲಸವಾದರೆ ಒಂದು ಡಿಗ್ರಿ ಆಚೀಚೆ ನಿಲ್ಲುವ ಉಂಗುರವೂ ನಡೆದೀತು. ಈಗ ಕ್ಯಾಲ್ಸೈಟ್ ಹರಳಿನಿಂದ ಮಾಡಿದ ಗ್ಲಾನ್-ಥಾಮ್ಸನ್ ಪ್ರಿಸಂ ತೆಗೆದುಕೊಳ್ಳಿ. ಅದರ ಸೋರಿಕೆ ಲಕ್ಷಕ್ಕೆ ಒಂದು ಪಾಲು. ಇಲ್ಲಿ 0.18 ಡಿಗ್ರಿ ತಪ್ಪಿದರೆ ಸಾಕು, ಉಂಗುರದ ತಪ್ಪಿನಿಂದ ಬರುವ ಬೆಳಕು ಪ್ರಿಸಮ್ಮಿನ ಸೋರಿಕೆಗೆ ಸಮವಾಗುತ್ತದೆ. ಒಳ್ಳೆಯ ಪ್ರಿಸಮ್ಮನ್ನು ಸಡಿಲ ಉಂಗುರದಲ್ಲಿ ಕೂರಿಸಿದರೆ ಪ್ರಿಸಮ್ಮಿಗೆ ಕೊಟ್ಟ ದುಡ್ಡು ನೀರಿನಲ್ಲಿ ಮಾಡಿದ ಹೋಮ.

ಒಳ್ಳೆಯ ಮೌಂಟ್ ಏನೇನು ಮಾಡಬೇಕು? ಸುತ್ತುವಾಗ ಅಲುಗಾಡಬಾರದು, ಸುತ್ತುವ ಅಕ್ಷ ಬೆಳಕಿನ ದಾರಿಗೆ ನೇರವಾಗಿರಬೇಕು, ಸ್ಕೇಲಿನ ನಡುಬಿಂದು ಸುತ್ತುವ ನಡುಬಿಂದುವೇ ಆಗಿರಬೇಕು, ಸ್ಕ್ರೂ ಬಿಗಿದು ನಿಲ್ಲಿಸಿದಾಗ ಕೋನ ಜರುಗಬಾರದು. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಕಾಣುವ ಮಾದರಿ ಕಪ್ಪು ಬಣ್ಣದ ಅಲ್ಯುಮಿನಿಯಂ ಚೌಕಟ್ಟು. ಅದರೊಳಗೆ 25.4 ಮಿಲಿಮೀಟರ್ ಅಗಲದ ಗಾಜು ಕೂರುವ ಉಂಗುರ, ಗಾಜು ಬೀಳದಂತೆ ತಿರುಗಿಸಿ ಬಿಗಿಯುವ ತಿರುಪುಂಗುರ, ಅಂಚಿನಲ್ಲಿ 0ಯಿಂದ 360ರವರೆಗೆ ಕೆತ್ತಿದ ಗೆರೆ. ಇನ್ನೂ ಚೆನ್ನಾದವುಗಳಲ್ಲಿ ವರ್ನಿಯರ್ ಇರುತ್ತದೆ, ನಿಧಾನವಾಗಿ ತಿರುಗಿಸಲು ಮೈಕ್ರೋಮೀಟರ್ ಸ್ಕ್ರೂ ಇರುತ್ತದೆ, ಮೋಟಾರಿನಿಂದ ತಿರುಗುವವೂ ಇವೆ. ಕಪ್ಪು ಬಣ್ಣ ಚಂದಕ್ಕಲ್ಲ. ಹೊಳೆಯುವ ಲೋಹದಿಂದ ಪುಟಿದ ಬೆಳಕಿನ ಧ್ರುವೀಕರಣವೂ ಬದಲಾಗಿ ಅದು ಅಳತೆಯೊಳಗೆ ನುಸುಳುತ್ತದೆ.

ತಿರುಪುಂಗುರವನ್ನು ಬಲವಾಗಿ ಬಿಗಿಯಬಾರದು. ಗಾಜನ್ನು ಒತ್ತಿದರೆ ಅದರೊಳಗೆ ಎರಡು ದಿಕ್ಕಿನ ಬೆಳಕಿಗೆ ಎರಡು ವೇಗ ಬಂದುಬಿಡುತ್ತದೆ. ಇದನ್ನು ಬ್ರೂಸ್ಟರ್ ಎರಡು ಶತಮಾನದ ಹಿಂದೆಯೇ ಕಂಡಿದ್ದ. ನಿಮ್ಮ ಪೋಲಾರಿಮೀಟರ್ ಟ್ಯೂಬಿನ ಮುಚ್ಚಳವನ್ನು ಸೋರದಷ್ಟು ಮಾತ್ರ ತಿರುಗಿಸಿ ಎಂದು ಲ್ಯಾಬಿನಲ್ಲಿ ಹೇಳುವುದೂ ಇದಕ್ಕೇ. ತುದಿಯ ಗಾಜು ಬಿಗಿತಕ್ಕೆ ಸಿಕ್ಕಿದರೆ ಬರೀ ನೀರು ತುಂಬಿದ್ದರೂ ಸುಳ್ಳು ರೀಡಿಂಗ್ ಬರುತ್ತದೆ.

ಉಂಗುರ ಸರಿಯಿದೆಯೇ ಎಂದು ತಿಳಿಯಲು ಬೇರೆ ಉಪಕರಣ ಬೇಕಿಲ್ಲ. ಪೋಲರೈಸರನ್ನು 180 ಡಿಗ್ರಿ ತಿರುಗಿಸಿದರೆ ಅದರ ಕೆಲಸ ಮೊದಲಿನಂತೆಯೇ ಇರಬೇಕು. ಹಾಗಾಗಿ ಒಂದು ಪೂರ್ತಿ ಸುತ್ತಿನಲ್ಲಿ ಕತ್ತಲು ಎರಡು ಸಲ ಬರಬೇಕು, ಎರಡರ ನಡುವೆ ಸರಿಯಾಗಿ 180 ಡಿಗ್ರಿ ಇರಬೇಕು, ಎರಡು ಬೆಳಕಿನ ತುದಿಗಳೂ ಸಮನಾಗಿರಬೇಕು. ಸುತ್ತಿಗೆ ಒಂದೇ ಸಲ ಏರಿಳಿಯುವ ಏನಾದರೂ ಕಂಡರೆ ಅದು ಧ್ರುವೀಕರಣದ ಗುಣವಲ್ಲ. ಸ್ಕೇಲು ನಡು ತಪ್ಪಿರಬೇಕು, ಹಾಳೆ ವಾಲಿರಬೇಕು, ಇಲ್ಲವೇ ಗಾಜಿನ ಎರಡು ಮುಖ ಸಮಾನಾಂತರವಾಗಿಲ್ಲದೆ ಬೆಳಕಿನ ಚುಕ್ಕಿ ಗೋಡೆಯ ಮೇಲೆ ಸಣ್ಣ ವೃತ್ತ ಬರೆಯುತ್ತಿರಬೇಕು. ಸ್ಪೆಕ್ಟ್ರೋಮೀಟರಿನಲ್ಲಿ ಎದುರುಬದುರು ಎರಡು ವರ್ನಿಯರ್ ಇಟ್ಟು ಎರಡನ್ನೂ ಓದಿಸುವುದರ ಹಿಂದೆ ಇರುವುದೂ ಇದೇ ವಿಚಾರ. ನಡು ತಪ್ಪಿದ ಸ್ಕೇಲು ಒಂದು ಕಡೆ ಎಷ್ಟು ಹೆಚ್ಚು ತೋರಿಸುತ್ತದೋ ಎದುರು ಕಡೆ ಅಷ್ಟೇ ಕಡಿಮೆ ತೋರಿಸುತ್ತದೆ, ಸರಾಸರಿಯಲ್ಲಿ ತಪ್ಪು ಕಳೆದುಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಹೊಸಬರು ಮರೆಯುತ್ತಾರೆ. ಉಂಗುರದ ಸೊನ್ನೆಗೂ ಹಾಳೆಯ ಸೊನ್ನೆಗೂ ಸಂಬಂಧವಿಲ್ಲ. ಹಾಳೆಯನ್ನು ನೀವು ಹೇಗೆ ಕೂರಿಸಿದಿರೋ ಹಾಗೆ. ಅದು ಯಾವ ದಿಕ್ಕಿನ ಕಂಪನವನ್ನು ಬಿಡುತ್ತದೆ ಎಂದು ಹೊರಗಿನ ಯಾವುದಾದರೂ ಗುರುತಿನಿಂದ ಕಂಡುಕೊಳ್ಳಬೇಕು. ತುರುವೇಕೆರೆ ಕಡೆ ಹೋದರೆ ಮಲ್ಲಾಘಟ್ಟ ಕೆರೆಯ ಏರಿಯ ಮೇಲೆ ನಿಂತು ಇದನ್ನು ಮಾಡಬಹುದು. ನೀರಿನ ಮೇಲಿಂದ ಪುಟಿಯುವ ಬೆಳಕು ಲಂಬದಿಂದ ಸುಮಾರು 53 ಡಿಗ್ರಿ ಓರೆಯಾಗಿದ್ದಾಗ ಹೆಚ್ಚೂಕಡಿಮೆ ಪೂರ್ತಿ ಅಡ್ಡ ದಿಕ್ಕಿನಲ್ಲಿ ಕಂಪಿಸುತ್ತದೆ. ಅಂದರೆ ಸೂರ್ಯ ದಿಗಂತದಿಂದ 37 ಡಿಗ್ರಿ ಎತ್ತರದಲ್ಲಿರುವ ಹೊತ್ತು. ಹಾಳೆಯ ಮೂಲಕ ಆ ಹೊಳಪನ್ನು ನೋಡುತ್ತ ತಿರುಗಿಸಿ. ಹೊಳಪು ಅಡಗಿ ನೀರಿನೊಳಗಿನದು ಕಾಣುವಾಗ ಹಾಳೆಯ ಬಿಡುವ ದಿಕ್ಕು ಸರಿಯಾಗಿ ಮೇಲುಕೆಳಗೆ ಇರುತ್ತದೆ. ಅಲ್ಲೊಂದು ಗುರುತು ಹಾಕಿ. ಸೂರ್ಯನನ್ನಾಗಲಿ ಅದರ ನೇರ ಬಿಂಬವನ್ನಾಗಲಿ ನೋಡಬೇಡಿ, ಬಿಂಬದ ಪಕ್ಕದ ಹೊಳಪು ಸಾಕು. ಮನೆಯಲ್ಲೇ ಮಾಡುವುದಾದರೆ ಮೇಜಿನ ಮೇಲಿನ ಗಾಜೂ ಆದೀತು, ಅಲ್ಲಿ ಕೋನ ಸುಮಾರು 56 ಡಿಗ್ರಿ.

ಬರೀ ಕೋನಗಳ ಮೇಲೆ ಯಾರಾದರೂ ದೊಡ್ಡ ಕೆಲಸ ಕಟ್ಟಿದ್ದಾರೆಯೇ ಎಂದರೆ ಉದಾಹರಣೆಗೆ ಬೆಂಗಳೂರಿನಾಚೆ ಹೋಗಬೇಕಿಲ್ಲ. ಕ್ವಾರ್ಟರ್-ವೇವ್ ಪ್ಲೇಟ್ ಎಂಬ ಹರಳಿನ ತೆಳುಬಿಲ್ಲೆ ನೇರ ಧ್ರುವೀಕರಣವನ್ನು ವೃತ್ತಾಕಾರದ ಧ್ರುವೀಕರಣವಾಗಿ ಮಾಡುತ್ತದೆ. ಆದರೆ ಒಂದು ಬಣ್ಣಕ್ಕೆ ಸರಿಹೊಂದಿದ ಬಿಲ್ಲೆ ಇನ್ನೊಂದು ಬಣ್ಣಕ್ಕೆ ಹೊಂದುವುದಿಲ್ಲ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1955ರಲ್ಲಿ, ಆಗಿನ್ನೂ 21ರ ಹುಡುಗ, ಇದಕ್ಕೆ ದಾರಿ ಕಂಡುಹಿಡಿದರು. ಒಂದೇ ಬಗೆಯ ಹರಳಿನ ಮೂರು ಬಿಲ್ಲೆಗಳನ್ನು ಒಂದರ ಹಿಂದೆ ಒಂದು ಇಡಿ. ಮೊದಲನೆಯದೂ ಮೂರನೆಯದೂ ಒಂದೇ ದಿಕ್ಕಿಗಿರಲಿ, ನಡುವಿನ ಹಾಫ್-ವೇವ್ ಬಿಲ್ಲೆಯನ್ನು ಸುಮಾರು 70 ಡಿಗ್ರಿ ತಿರುಗಿಸಿ. ಒಂದು ಬಿಲ್ಲೆಯ ಬಣ್ಣದೋಷವನ್ನು ಇನ್ನೆರಡು ಸರಿದೂಗಿಸಿ, ಬಹಳ ಬಣ್ಣಗಳಿಗೆ ಒಟ್ಟಿಗೆ ಹೊಂದುವ ಬಿಲ್ಲೆ ಸಿದ್ಧವಾಗುತ್ತದೆ. ಹೊಸ ಹರಳಿಲ್ಲ, ಹೊಸ ರಾಸಾಯನಿಕವಿಲ್ಲ. ಇದ್ದ ಬಿಲ್ಲೆಗಳನ್ನು ಸರಿಯಾದ ಕೋನದಲ್ಲಿ ನಿಲ್ಲಿಸಿದ್ದಷ್ಟೇ. ಮರುವರ್ಷ ಅವರು ಧ್ರುವೀಕರಣವನ್ನು ಹಲವು ಸ್ಥಿತಿಗಳ ಮೂಲಕ ಹಾಯಿಸಿ ಮೊದಲಿನ ಸ್ಥಿತಿಗೆ ತಂದರೂ ಬೆಳಕು ಒಂದು ಹೆಚ್ಚುವರಿ ಫೇಸ್ ಹೊತ್ತು ತರುತ್ತದೆ ಎಂದು ತೋರಿಸಿದರು. ಅದಕ್ಕೆ ಈಗ ಪಂಚರತ್ನಂ ಫೇಸ್ ಎಂದೇ ಹೆಸರು. ಅವರು 1969ರಲ್ಲಿ, 35ನೇ ವಯಸ್ಸಿಗೇ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಅದೇ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ 1988ರಲ್ಲಿ ಲೇಸರ್ ಇಂಟರ್‌ಫೆರೋಮೀಟರ್ ಕಟ್ಟಿ ಈ ಬಗೆಯ ಫೇಸನ್ನು ಅಳೆದು ತೋರಿಸಿದರು.

ಅದಕ್ಕಿಂತಲೂ ನಿಮ್ಮ ಪ್ರಶ್ನೆಗೆ ಹತ್ತಿರದ್ದು 1990ರ ಒಂದು ಲೇಖನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುಕುಂದ ಮತ್ತು ಮದ್ರಾಸಿನ ಗಣಿತ ವಿಜ್ಞಾನ ಸಂಸ್ಥೆಯ ಆರ್. ಸೈಮನ್ ಒಂದು ಲೆಕ್ಕ ಮುಂದಿಟ್ಟರು: ಎರಡು ಕ್ವಾರ್ಟರ್-ವೇವ್ ಬಿಲ್ಲೆ, ಒಂದು ಹಾಫ್-ವೇವ್ ಬಿಲ್ಲೆ, ಒಟ್ಟು ಮೂರನ್ನು ಒಂದೇ ಅಕ್ಷದ ಮೇಲೆ ತಿರುಗುವ ಉಂಗುರಗಳಲ್ಲಿ ಕೂರಿಸಿದರೆ, ಬರೀ ಮೂರು ಕೋನ ಬದಲಿಸಿ ಬೆಳಕನ್ನು ಯಾವ ಧ್ರುವೀಕರಣದಿಂದ ಯಾವುದಕ್ಕೆ ಬೇಕಾದರೂ ಒಯ್ಯಬಹುದು. ಬಿಲ್ಲೆಯ ದಪ್ಪ ಬದಲಿಸುವುದು ಬೇಡ, ವೋಲ್ಟೇಜ್ ಕೊಡುವುದು ಬೇಡ. ಇಂದು ಒಂದೊಂದೇ ಫೋಟಾನ್ ಎಣಿಸುವ ಕ್ವಾಂಟಂ ಪ್ರಯೋಗಾಲಯಗಳಲ್ಲಿ ಸೈಮನ್-ಮುಕುಂದ ಜೋಡಣೆ ಎಂದರೆ ಸಾಲಾಗಿ ನಿಂತ ಮೂರು ರೊಟೇಷನ್ ಮೌಂಟು. ಅಲ್ಲಿ ಉಂಗುರದ ನಿಖರತೆಗೆ ಇನ್ನೊಂದು ಕಾರಣವೂ ಸೇರುತ್ತದೆ. ಹಾಫ್-ವೇವ್ ಬಿಲ್ಲೆಯನ್ನು ಒಂದು ಡಿಗ್ರಿ ತಿರುಗಿಸಿದರೆ ಕಂಪನದ ದಿಕ್ಕು ಎರಡು ಡಿಗ್ರಿ ತಿರುಗುತ್ತದೆ. ಉಂಗುರದ ತಪ್ಪೂ ಹಾಗೆಯೇ ದುಪ್ಪಟ್ಟಾಗುತ್ತದೆ.

ಪೋಲರಾಯ್ಡ್ ಸುಮ್ಮನಿದ್ದು ನೋಡುವ ವಸ್ತುವೇ ತಿರುಗುವ ಏರ್ಪಾಡೂ ಉಂಟು. ಚಿಕ್ಕನಾಯಕನಹಳ್ಳಿಯ ಶಿಲಾಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ, ಸುಣ್ಣಕಲ್ಲಿದೆ. ಅಂಥ ಕಲ್ಲನ್ನು ಭೂವಿಜ್ಞಾನಿ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಅಡ್ಡಡ್ಡ ಇಟ್ಟ ಎರಡು ಪೋಲರೈಸರುಗಳ ನಡುವಿನ ತಿರುಗುವ ದುಂಡು ಮೇಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾನೆ. ಬೆಳಕು ಹಾಯದ ಅದಿರಾದರೆ ಮೇಲಿಂದ ಬೆಳಕು ಬಿಟ್ಟು ನೋಡುತ್ತಾನೆ. ಖನಿಜದ ಕಣ ಒಂದು ಸುತ್ತಿನಲ್ಲಿ ನಾಲ್ಕು ಸಲ ಕಪ್ಪಾಗುತ್ತದೆ. ಕಣದ ಸೀಳುಗೆರೆಗೆ ಎಷ್ಟು ಡಿಗ್ರಿಯಲ್ಲಿ ಕಪ್ಪಾಯಿತು ಎಂಬುದನ್ನು ನೋಡಿ ಪೈರಾಕ್ಸೀನ್ ಯಾವುದು, ಆಂಫಿಬೋಲ್ ಯಾವುದು ಎಂದು ಬೇರೆ ಮಾಡುತ್ತಾನೆ. ಆ ಮೇಜಿನ ನಡು ತಪ್ಪಿದ್ದರೆ ತಿರುಗಿಸುತ್ತಿದ್ದಂತೆ ಕಣವೇ ಕಣ್ಣಿನಿಂದ ಜಾರಿಹೋಗುತ್ತದೆ. ಅದಕ್ಕಾಗಿಯೇ ಅಲ್ಲಿ ನಡು ಸರಿಪಡಿಸುವ ಸ್ಕ್ರೂ ಇರುತ್ತದೆ.

ಇನ್ನು ಮಾಡಿಕೊಳ್ಳುವ ಮಾತು. ನಿಮ್ಮೂರಿನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 6205 ನಂಬರಿನ ಬೇರಿಂಗ್ ಕೇಳಿ. ಒಳ ಅಳತೆ 25 ಮಿಲಿಮೀಟರ್, ಹೊರ ಅಳತೆ 52. ತೋಟದ ಡ್ರಿಪ್‌ಗೆ ಬಳಸುವ 25 ಮಿಲಿಮೀಟರ್ ಪಿ.ವಿ.ಸಿ. ಪೈಪಿನ ಹೊರ ಅಳತೆಯೂ ಅಷ್ಟೇ. ಎಮರಿ ಪೇಪರ್ ಹಿಡಿದು ಚೂರು ಉಜ್ಜಿದರೆ ಪೈಪಿನ ತುಂಡು ಬೇರಿಂಗಿನೊಳಗೆ ಬಿಗಿಯಾಗಿ ಕೂರುತ್ತದೆ. ಪೈಪಿನ ಒಂದು ತುದಿಗೆ ಪೋಲರಾಯ್ಡ್ ತುಂಡು ಅಂಟಿಸಿ, ಬೇರಿಂಗಿನ ಹೊರಬಳೆಯನ್ನು ಮರದ ದಿಮ್ಮಿಯಲ್ಲಿ ಕೂರಿಸಿ. ಹೊಸ ಬೇರಿಂಗನ್ನೇ ತನ್ನಿ, ಪ್ಲೇ ಬಂದ ಹಳೆಯದು ಕೋನವನ್ನೂ ಅಲುಗಾಡಿಸುತ್ತದೆ. ಗ್ರೀಸ್ ಹಾಳೆಗೆ ತಾಗದಂತೆ ನೋಡಿಕೊಳ್ಳಿ.

ಸ್ಕೇಲಿಗೆ ಹಳೆಯ ಸಿ.ಡಿ. ಸಾಕು. ಅದರ ವ್ಯಾಸ 120 ಮಿಲಿಮೀಟರ್, ಸುತ್ತಳತೆ 377 ಮಿಲಿಮೀಟರ್. ಅಂದರೆ ಅಂಚಿನಲ್ಲಿ ಒಂದು ಡಿಗ್ರಿಗೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಜಾಗ. ಕಂಪ್ಯೂಟರಿನಲ್ಲಿ ಡಿಗ್ರಿ ಗೆರೆ ಬರೆದು ಮುದ್ರಿಸಿ ಅಂಟಿಸಿ. ನಡುವಿನ ರಂಧ್ರವನ್ನು 25 ಮಿಲಿಮೀಟರಿಗೆ ಹಿಗ್ಗಿಸುವ ಕೆಲಸವನ್ನು ಲೇತ್ ಅಂಗಡಿಗೆ ಬಿಡಿ, ಕತ್ತರಿಯಿಂದ ಮಾಡಬೇಡಿ. ನಡು ಒಂದೇ ಒಂದು ಮಿಲಿಮೀಟರ್ ತಪ್ಪಿದರೂ ರೀಡಿಂಗಿನಲ್ಲಿ ಹತ್ತಿರ ಹತ್ತಿರ ಒಂದು ಡಿಗ್ರಿ ತಪ್ಪು ಬರುತ್ತದೆ. 9 ಡಿಗ್ರಿಯ ಉದ್ದವನ್ನು 10 ಭಾಗ ಮಾಡಿದ ವರ್ನಿಯರ್ ಪಟ್ಟಿಗಳನ್ನು ಎದುರುಬದುರು ಎರಡು ಅಂಟಿಸಿದರೆ 0.1 ಡಿಗ್ರಿವರೆಗೆ ಓದಬಹುದು.

0.1 ಡಿಗ್ರಿ ಓದಲು ಸ್ಕೇಲಿದ್ದರೆ ಸಾಲದು, ಕಣ್ಣಿಗೂ ಆ ವ್ಯತ್ಯಾಸ ತಿಳಿಯಬೇಕು. ಕತ್ತಲ ಸ್ಥಾನದ ಬಳಿ 0.1 ಡಿಗ್ರಿಗೆ ಬೆಳಕು ಹತ್ತು ಲಕ್ಷಕ್ಕೆ ಮೂರು ಪಾಲು ಮಾತ್ರ ಏರುತ್ತದೆ. ಹಾಳೆಯ ಸೋರಿಕೆಯಲ್ಲಿ ಅದು ಕಾಣುವುದೇ ಇಲ್ಲ. ನಿಮ್ಮ ಕಾಲೇಜಿನ ಉಪಕರಣದಲ್ಲಿ ಹಾಫ್-ಶೇಡ್ ಇಟ್ಟಿರುವುದು ಅದಕ್ಕೇ. ಮನೆಯಲ್ಲಿ ಹೀಗೆ ಮಾಡಿ: ದೀಪದ ಕಡೆಯ ಪೋಲರಾಯ್ಡನ್ನು ಅದರ ಬಿಡುವ ದಿಕ್ಕಿನಲ್ಲೇ ಎರಡಾಗಿ ಕತ್ತರಿಸಿ, ಪ್ರತಿ ತುಂಡಿನ ಕತ್ತರಿಸಿದ ಅಂಚಿನಿಂದ 5 ಡಿಗ್ರಿಯ ಬೆಣೆಯಾಕಾರದ ಚೂರು ತೆಗೆದು, ಮತ್ತೆ ಅಂಚಿಗೆ ಅಂಚು ಜೋಡಿಸಿ. ಈಗ ಎರಡು ಅರೆಗಳ ದಿಕ್ಕು ನಡುಗೆರೆಯಿಂದ ಆಚೆ 5, ಈಚೆ 5 ಡಿಗ್ರಿ. ಅನಲೈಸರನ್ನು ಎರಡೂ ಅರೆ ಸಮ ಮಬ್ಬಾಗುವವರೆಗೆ ತಿರುಗಿಸಿ. 0.1 ಡಿಗ್ರಿ ತಪ್ಪಿದರೆ ಎರಡರ ಬೆಳಕಿನಲ್ಲಿ ಸುಮಾರು ಶೇಕಡಾ 8ರಷ್ಟು ಅಂತರ ಬರಬೇಕು. ಹಾಳೆಯ ಸೋರಿಕೆ ಅದನ್ನು ಸ್ವಲ್ಪ ತಗ್ಗಿಸಿದರೂ ಪಕ್ಕಪಕ್ಕದ ಎರಡು ಅರೆಗಳಲ್ಲಿ ಕಣ್ಣು ಅದನ್ನು ಹಿಡಿಯುತ್ತದೆ. ಪ್ರತಿ ಸಲವೂ ಒಂದೇ ಕಡೆಯಿಂದ ತಿರುಗಿಸುತ್ತ ಆ ಸ್ಥಾನಕ್ಕೆ ಬನ್ನಿ.

ಬೆಳಕಿಗೆ ಹಳದಿ ಎಲ್.ಇ.ಡಿ. ಇರಲಿ. ಸಕ್ಕರೆ ಬೆಳಕನ್ನು ತಿರುಗಿಸುವ ಪ್ರಮಾಣ ಬಣ್ಣದಿಂದ ಬಣ್ಣಕ್ಕೆ ಬದಲಾಗುತ್ತದೆ: ಸೋಡಿಯಂನ 589 ನ್ಯಾನೋಮೀಟರ್ ಹಳದಿಗೆ ಸುಕ್ರೋಸಿನ ವಿಶಿಷ್ಟ ಭ್ರಮಣ 66.5 ಡಿಗ್ರಿ ಇದ್ದರೆ 546ರ ಹಸಿರಿಗೆ ಸುಮಾರು 78. ಬಿಳಿ ಬೆಳಕಾದರೆ ಕತ್ತಲಿನ ಬದಲು ಬಣ್ಣಗಳು ಬರುತ್ತವೆ. ಟ್ಯೂಬಿನ ತುದಿಗೆ ಸೂಕ್ಷ್ಮದರ್ಶಕದ ಗಾಜುಪಟ್ಟಿ ಹಾಕಿ, ಪ್ಲಾಸ್ಟಿಕ್ ಬೇಡ. ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು ಎರಡು ಪೋಲರಾಯ್ಡ್ ನಡುವೆ ಹಿಡಿದು ನೋಡಿದರೆ ಕಾರಣ ತಿಳಿಯುತ್ತದೆ; ಅಚ್ಚಿನಲ್ಲಿ ಎಳೆದಾಡಿದ ಬಿಗಿತವೆಲ್ಲ ಬಣ್ಣವಾಗಿ ಕಾಣುತ್ತದೆ.

ಮೊದಲು ಬರೀ ನೀರಿಗೆ ಸೊನ್ನೆ ಗೊತ್ತುಮಾಡಿ. ಆಮೇಲೆ 10 ಗ್ರಾಂ ಅಂಗಡಿ ಸಕ್ಕರೆಯನ್ನು ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿ, 20 ಸೆಂಟಿಮೀಟರ್ ಟ್ಯೂಬಿಗೆ ತುಂಬಿ. ಸೋಡಿಯಂ ಬೆಳಕಿನಲ್ಲಿ 13.3 ಡಿಗ್ರಿ ಬರಬೇಕು. ಎಲ್.ಇ.ಡಿ.ಯಲ್ಲಿ ತುಸು ಹೆಚ್ಚುಕಡಿಮೆ ಬಂದರೆ ಆ ಸಂಖ್ಯೆಯನ್ನೇ ನಿಮ್ಮ ಉಪಕರಣದ ಅಳತೆಗೋಲಾಗಿ ಇಟ್ಟುಕೊಳ್ಳಿ. ಆದರೆ ಅದೇ ದ್ರಾವಣಕ್ಕೆ ಪ್ರತಿ ಸಲ ಬೇರೆ ಬೇರೆ ರೀಡಿಂಗ್ ಬರುತ್ತಿದ್ದರೆ ತಪ್ಪು ಉಂಗುರದಲ್ಲಿದೆ. ಅದನ್ನು ಸರಿಮಾಡದೆ ನೀರಾಕ್ಕೆ ಹೋಗಬೇಡಿ.

ನೀರಾದಲ್ಲಿರುವ ಸಕ್ಕರೆಯ ಹೆಚ್ಚಿನಂಶ ಸುಕ್ರೋಸ್. ಹೊಂಬಾಳೆಯಿಂದ ಇಳಿಸಿದ ತಾಜಾ ನೀರಾ ಬೆಳಕನ್ನು ಬಲಕ್ಕೆ ಚೆನ್ನಾಗಿ ತಿರುಗಿಸುತ್ತದೆ. 100 ಮಿಲಿಲೀಟರಿನಲ್ಲಿ 14 ಗ್ರಾಂ ಸುಕ್ರೋಸ್ ಇದ್ದರೆ ನಿಮ್ಮ ಟ್ಯೂಬಿನಲ್ಲಿ 18.6 ಡಿಗ್ರಿ. ಬಿಸಿಲಿಗೆ ಬಿಟ್ಟರೆ ಹುಳಿಯತೊಡಗುತ್ತದೆ. ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಗ್ಲೂಕೋಸ್ ಬಲಕ್ಕೆ 52.7 ಡಿಗ್ರಿ ತಿರುಗಿಸಿದರೆ ಫ್ರಕ್ಟೋಸ್ ಎಡಕ್ಕೆ ಸುಮಾರು 92. ಎರಡೂ ಸಮಸಮ ಸೇರಿದಾಗ ಎಡದ ಕೈ ಮೇಲಾಗಿ ಮಿಶ್ರಣ ಎಡಕ್ಕೆ 20 ಡಿಗ್ರಿಯಷ್ಟು ತಿರುಗಿಸುತ್ತದೆ. ಹಾಗಾಗಿ ನೀರಾ ಕೆಡುತ್ತ ಹೋದಂತೆ ಉಂಗುರದ ರೀಡಿಂಗ್ ಇಳಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತಾವು ಕಲ್ಪರಸ ಎಂದು ಕರೆಯುವ ತಾಜಾ ನೀರಾವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಳಿಸಿಕೊಳ್ಳುವ ವಿಧಾನ ತಂದದ್ದು ಈ ಒಡೆತವನ್ನು ತಡೆಯಲಿಕ್ಕೆ. ಎಳನೀರಿನ ಕಥೆ ತಿರುಗುಮುರುಗು. ಎಳೆಯ ಕಾಯಿಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚು, ಕಾಯಿ ಬಲಿತಂತೆ ಸುಕ್ರೋಸ್ ಸೇರುತ್ತದೆ. ಆದ್ದರಿಂದ ಕುಡಿಯಲು ಬಲು ಸಿಹಿಯಾದ ಎಳನೀರು ನಿಮ್ಮ ಉಂಗುರದಲ್ಲಿ ಸೊನ್ನೆಯ ಹತ್ತಿರವೋ ಸ್ವಲ್ಪ ಎಡಕ್ಕೋ ಬಂದರೆ ಗಾಬರಿಯಾಗಬೇಡಿ.

ಇದರಿಂದ ಒಂದು ಎಚ್ಚರಿಕೆ ಹುಟ್ಟುತ್ತದೆ: ಒಂದೇ ಕೋನದಿಂದ ಮಿಶ್ರ ಸಕ್ಕರೆಯ ಲೆಕ್ಕ ಸಿಗುವುದಿಲ್ಲ. ಎರಡು ಬೇಕು. ಕ್ಲೆರ್ಜೆ ವಿಧಾನ ಅದಕ್ಕೇ ಇದೆ. ನೀರಾವನ್ನು ಅಲ್ಯುಮಿನಾ ಕ್ರೀಮ್ ಹಾಕಿ ಸೋಸಿ ತಿಳಿಮಾಡಿ. ಹಳೆಯ ಪುಸ್ತಕಗಳು ಹೇಳುವ ಲೆಡ್ ಅಸಿಟೇಟ್ ವಿಷ, ಅದರ ತಂಟೆಗೆ ಹೋಗಬೇಡಿ. ಒಂದು ರೀಡಿಂಗ್ ತೆಗೆದುಕೊಳ್ಳಿ. ಇನ್ನೊಂದು ಪಾಲಿಗೆ ನಿಮ್ಮ ಕೆಮಿಸ್ಟ್ರಿ ಮೇಷ್ಟರ ಕಣ್ಣೆದುರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬಿಸಿಮಾಡಿ, ಸುಕ್ರೋಸ್ ಪೂರ್ತಿ ಒಡೆದ ಮೇಲೆ ತಣಿಸಿ, ಆಮ್ಲದಿಂದ ಹೆಚ್ಚಿದ ಗಾತ್ರವನ್ನು ಲೆಕ್ಕಕ್ಕೆ ಹಿಡಿದು ಮತ್ತೆ ಓದಿ. 100 ಮಿಲಿಲೀಟರಿಗೆ 10 ಗ್ರಾಂ ಸುಕ್ರೋಸ್ ಇದ್ದರೆ ಬಲಕ್ಕಿದ್ದ 13.3 ಡಿಗ್ರಿ ಎಡಕ್ಕೆ 4.2 ಆಗುತ್ತದೆ, ಒಟ್ಟು ಅಂತರ 17.5. ಮೊದಲೇ ಇದ್ದ ಗ್ಲೂಕೋಸ್, ಫ್ರಕ್ಟೋಸ್ ಎರಡೂ ರೀಡಿಂಗಿನಲ್ಲಿ ಒಂದೇ ಸಮ ಇರುವುದರಿಂದ ಅಂತರದಲ್ಲಿ ಕಳೆದುಹೋಗುತ್ತವೆ, ಉಳಿಯುವುದು ಸುಕ್ರೋಸಿನ ಲೆಕ್ಕ ಮಾತ್ರ. ನಿಮ್ಮ ಸಿ.ಡಿ. ಸ್ಕೇಲು 0.1 ಡಿಗ್ರಿ ಓದುತ್ತದೆ ಎಂದರೆ ಸುಕ್ರೋಸನ್ನು ನೂರು ಮಿಲಿಲೀಟರಿಗೆ ಒಂದು ಗ್ರಾಮಿನ ಹತ್ತನೇ ಒಂದರಷ್ಟು ಹೆಚ್ಚುಕಡಿಮೆಯೊಳಗೆ ಹೇಳಬಹುದು. ತೋಟದ ಕೆಲಸಕ್ಕೆ ಅಷ್ಟು ಧಾರಾಳ. ಮುಂದೆಂದಾದರೂ ಕ್ಯಾಲ್ಸೈಟ್ ಪ್ರಿಸಂ ಕೊಳ್ಳುವ ಕಾಲ ಬಂದಾಗ ಬೇರಿಂಗನ್ನು ಬಿಟ್ಟು ಅಂಗಡಿಯ ಮೌಂಟಿಗೆ ದುಡ್ಡು ಕೊಡಿ. ಅಲ್ಲಿಯವರೆಗೆ ಬೇಡ.